ಅಡಿಟಿಪ್ಪಣಿಯೂ ಒಂದು ಅಮಾನತ್ತು

ಧಾರ್ಮಿಕ ಗ್ರಂಥಗಳನ್ನು ಓದುವಾಗ ಪುಟದ ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ಸಾಲುಗಳನ್ನು ನಮ್ಮಲ್ಲಿ ಹೆಚ್ಚಿನವರು ಓದುವುದೇ ಇಲ್ಲ. ಅದು ವಿದ್ವಾಂಸರಿಗೆ ಸಂಬಂಧಿಸಿದ್ದು ಎಂದು ಭಾವಿಸಿ ಮುಂದೆ ಸಾಗುತ್ತಾರೆ. ಆದರೆ ಆ ಸಾಲುಗಳು ಬಹು ಮುಖ್ಯವಾದ ಒಂದು ಪ್ರಶ್ನೆಗೆ ಉತ್ತರ ಕೊಡುತ್ತವೆ: ಈ ಮಾತು ಯಾರದು? ಅದು ನಮ್ಮ ತನಕ ತಲುಪಿದ್ದು ಹೇಗೆ?

ಈ ಪ್ರಶ್ನೆ ಮುಸ್ಲಿಮರಿಗೆ ಹೊಸತಲ್ಲ. ದುರಾಚಾರಿಯೊಬ್ಬನು ಸುದ್ದಿ ತಂದರೆ ಅದನ್ನು ಪರಿಶೀಲಿಸಬೇಕೆಂದು ಅಲ್ ಹುಜುರಾತ್ ಅಧ್ಯಾಯದ 6ನೇ ಸೂಕ್ತ ಆದೇಶಿಸುತ್ತದೆ. ಹದೀಸ್ ವಿದ್ವಾಂಸರು ಹದೀಸಿನೊಂದಿಗೆ ಅದರ ಸನದನ್ನು, ಅಂದರೆ ವರದಿಗಾರರ ಸರಪಣಿಯನ್ನೂ ದಾಖಲಿಸಿದರು. ಹಿಜರಿ 256ರಲ್ಲಿ (ಕ್ರಿ.ಶ. 870) ನಿಧನರಾದ ಇಮಾಮ್ ಬುಖಾರಿಯವರ(ರ) ಸಂಗ್ರಹದಲ್ಲಿ ಮೊದಲು ವರದಿಗಾರರ ಹೆಸರು, ಅನಂತರ ಹದೀಸಿನ ಮಾತು. ಇಂದು ಅಡಿಟಿಪ್ಪಣಿಗೆ ಇಳಿದಿರುವ ಆಧಾರವು ಅಂದು ಮಾತಿಗಿಂತ ಮುಂಚೆಯೇ ಬರುತ್ತಿತ್ತು.

ಒಂದು ಉದಾಹರಣೆ ನೋಡಿ. ಹಿಜರಿ 505ರಲ್ಲಿ (ಕ್ರಿ.ಶ. 1111) ನಿಧನರಾದ ಇಮಾಮ್ ಗಝ್ಝಾಲಿಯವರು(ರ) ತಮ್ಮ ‘ಇಹ್ಯಾ ಉಲೂಮಿದ್ದೀನ್’ ಗ್ರಂಥದಲ್ಲಿ ಬಹಳಷ್ಟು ಹದೀಸ್‌ಗಳನ್ನು ಸನದಿಲ್ಲದೆ ಉಲ್ಲೇಖಿಸಿದ್ದಾರೆ. ಸುಮಾರು ಮುನ್ನೂರು ವರ್ಷಗಳ ಬಳಿಕ, ಹಿಜರಿ 806ರಲ್ಲಿ (ಕ್ರಿ.ಶ. 1404) ನಿಧನರಾದ ಹಾಫಿಝ್ ಇರಾಕಿಯವರು(ರ) ಅವುಗಳ ಮೂಲವನ್ನು ಹುಡುಕಿದರು. ಇದು ಬುಖಾರಿ, ಮುಸ್ಲಿಮ್‌ಗಳಲ್ಲಿದೆ, ಇದರ ಸನದು ದುರ್ಬಲ, ಇದಕ್ಕೆ ಮೂಲವೇ ಸಿಗಲಿಲ್ಲ ಎಂದು ಒಂದೊಂದರ ಬಗ್ಗೆಯೂ ಬರೆದಿಟ್ಟರು. ‘ಇಹ್ಯಾ’ದ ಹಲವು ಮುದ್ರಣಗಳಲ್ಲಿ ಈ ಟಿಪ್ಪಣಿಗಳು ಪುಟದ ಕೆಳಗೆ ಅಚ್ಚಾಗಿವೆ. ಇರಾಕಿಯವರು ಗಝ್ಝಾಲಿಯವರನ್ನು ಹೀಗಳೆಯಲಿಲ್ಲ, ಆ ಗ್ರಂಥವನ್ನು ಬದಿಗೆ ಸರಿಸಲೂ ಇಲ್ಲ. ಗೌರವವನ್ನೂ ಉಳಿಸಿಕೊಂಡರು, ಸತ್ಯವನ್ನೂ ಹೇಳಿದರು. ಮೇಲಿನ ಪಠ್ಯವನ್ನು ಮಾತ್ರ ಓದಿದವನಿಗೆ ಈ ಸತ್ಯ ಸಿಗುವುದಿಲ್ಲ.

ಓದುಗರು ಕೆಲವು ವಿಷಯಗಳನ್ನು ಗಮನದಲ್ಲಿಡಬೇಕು. ಕುರ್‌ಆನ್ ಅನುವಾದದ ಅಡಿಟಿಪ್ಪಣಿ ವ್ಯಾಖ್ಯಾನಕಾರರ ಮಾತು. ಅದನ್ನು ಅಲ್ಲಾಹನ ವಚನವೆಂದು ಉದ್ಧರಿಸಬಾರದು. ಹದೀಸಿನ ಕೆಳಗೆ ಗ್ರಂಥದ ಹೆಸರಿದ್ದರೆ ಅದು ಎಲ್ಲಿದೆ ಎಂದಷ್ಟೇ ತಿಳಿಯುತ್ತದೆ, ಅದು ಸಹೀಹ್ ಎಂದು ಸಾಬೀತಾಗುವುದಿಲ್ಲ. ಇಮಾಮ್ ತಿರ್ಮಿದಿಯವರೇ(ರ) ತಮ್ಮ ಸಂಗ್ರಹದ ಅನೇಕ ಹದೀಸ್‌ಗಳ ದರ್ಜೆಯನ್ನು ಅಲ್ಲಲ್ಲೇ ತಿಳಿಸಿದ್ದಾರೆ. ಕ್ರಮಸಂಖ್ಯೆಗಳು ಮುದ್ರಣದಿಂದ ಮುದ್ರಣಕ್ಕೆ ಬದಲಾಗುತ್ತವೆ. ಆದ್ದರಿಂದ ಅಧ್ಯಾಯದ ಹೆಸರನ್ನೂ ಗುರುತಿಸಿಕೊಳ್ಳಿ. ಟಿಪ್ಪಣಿಗಳು ಗ್ರಂಥದ ಕೊನೆಯಲ್ಲಿದ್ದರೆ ಅಲ್ಲೊಂದು ಗುರುತಿನ ಚೀಟಿ ಇಟ್ಟುಕೊಂಡು ಓದಿ. ಪುಟ ತಿರುವುವ ಸೋಮಾರಿತನದಿಂದ ಆಧಾರ ಕೈತಪ್ಪಬಾರದು.

ಇಂದು ಮೊಬೈಲಿನಲ್ಲಿ ದಿನನಿತ್ಯ ಹದೀಸ್‌ಗಳು ಬರುತ್ತವೆ. ಕೆಲವಕ್ಕೆ ಆಧಾರವೇ ಇರುವುದಿಲ್ಲ, ಕೆಲವಕ್ಕೆ ತಪ್ಪು ಆಧಾರವಿರುತ್ತದೆ. ಒಳ್ಳೆಯ ಮಾತು ತಾನೇ ಎಂದು ನಾವು ಹತ್ತು ಮಂದಿಗೆ ಕಳುಹಿಸಿಬಿಡುತ್ತೇವೆ. ತಮ್ಮ ಹೆಸರಿನಲ್ಲಿ ಬೇಕೆಂದೇ ಸುಳ್ಳು ಹೇಳುವವನಿಗೆ ಪ್ರವಾದಿಯವರು(ಸ) ನರಕದ ಎಚ್ಚರಿಕೆ ನೀಡಿದ್ದಾರೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳುಗಾರನೆನಿಸಲು ಸಾಕು ಎಂಬರ್ಥದ ವರದಿ ಸಹೀಹ್ ಮುಸ್ಲಿಮ್‌ನ ಪೀಠಿಕೆಯಲ್ಲಿದೆ. ಮಾತು ಒಳ್ಳೆಯದಿರಬಹುದು. ಆದರೆ ಅದು ಪ್ರವಾದಿಯವರ(ಸ) ಮಾತೇ ಎಂಬುದು ಬೇರೆಯೇ ಪ್ರಶ್ನೆ.

ಮನೆಯಲ್ಲಿ ಮಕ್ಕಳೊಂದಿಗೆ ಗ್ರಂಥ ಓದುವಾಗ ಅಡಿಟಿಪ್ಪಣಿಯನ್ನೂ ಅವರಿಂದಲೇ ಓದಿಸಿ. “ಇದು ಎಲ್ಲಿದೆ?” ಎಂದು ಮಗು ಕೇಳಿದರೆ ಅದನ್ನು ಉದ್ಧಟತನವೆಂದು ಗದರಿಸಬೇಡಿ. ತಿಳಿಯದಿದ್ದರೆ ಬಲ್ಲವರಲ್ಲಿ ವಿಚಾರಿಸಿ. ತಿಳಿಯುವ ತನಕ ಆ ಮಾತನ್ನು ಮುಂದಕ್ಕೆ ದಾಟಿಸಬೇಡಿ. ಜ್ಞಾನವೆಂಬ ಅಮಾನತ್ತನ್ನು ಸರಿಯಾಗಿ ತಲುಪಿಸುವವರಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ.