ಇನ್ನೂ ಮೇಲೆ ಹತ್ತಲು ಜಾಗವಿಲ್ಲದ ಕಪ್ಪೆ

ಗೊದಮೊಟ್ಟೆ ಅಂದ್ರೆ ಏನು ಗೊತ್ತಾ? ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ‘ಟ್ಯಾಡ್‌ಪೋಲ್’ ಅಂದ್ರೆ ಮಾತ್ರ ಗೊತ್ತಿತ್ತು. ಕನ್ನಡದ ಪದ ಹೇಳಿಕೊಟ್ಟಿದ್ದು ನಮ್ಮಜ್ಜಿ. ಆದರೆ ಇವತ್ತು ನಾನು ಹೇಳುವ ಕಪ್ಪೆಯ ಬದುಕಿನಲ್ಲಿ ಗೊದಮೊಟ್ಟೆ ಎಂಬ ಹಂತವೇ ಇಲ್ಲ!

ಅದರ ಹೆಸರು ರಾವೋರ್ಕೆಸ್ಟಿಸ್ ರೆಸ್ಪ್ಲೆಂಡೆನ್ಸ್. ಊರು ಕೇರಳದ ಆನೆಮುಡಿ, ಅಂದರೆ ಪಶ್ಚಿಮ ಘಟ್ಟದ ಅತಿ ಎತ್ತರದ ಶಿಖರ, 2695 ಮೀಟರ್. ಸುಮಾರು ಒಂದು ಇಂಚು ಉದ್ದ, ಕಿತ್ತಳೆ-ಕೆಂಪು ಬಣ್ಣ, ಮೈತುಂಬ ಗುಳ್ಳೆಯಂಥ ಗ್ರಂಥಿಗಳು. ಇದರ ಬಳಗದ ಕಪ್ಪೆಗಳು ಹೆಚ್ಚಾಗಿ ಗಿಡ, ಪೊದೆಗಳ ಮೇಲಿದ್ದರೆ, ಇದು ಗಿಡ್ಡ ಕಾಲುಗಳಲ್ಲಿ ನೆಲದ ಮೇಲೆ ತೆವಳುತ್ತದೆ. 2010ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಇದನ್ನು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ಹೆಸರಿನಲ್ಲಿರುವ ‘ರಾವ್’ ಯಾರು ಅಂತೀರಾ? ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಸಿ. ಆರ್. ನಾರಾಯಣ ರಾವ್. ಅದೇ ಪತ್ರಿಕೆಯ ಮೊದಲ ಸಂಪಾದಕರೂ ಅವರೇ!

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಕಪ್ಪೆಗೆ ಮೊಟ್ಟೆಯಿಡಲು ಕೆರೆ, ಹಳ್ಳ ಬೇಕಿಲ್ಲ. ಮೊಟ್ಟೆಯೊಳಗೇ ಪೂರ್ತಿ ಬೆಳೆದು ಪುಟಾಣಿ ಕಪ್ಪೆಯೇ ಹೊರಬರುತ್ತದೆ. ಆದರೆ ಆ ಮೊಟ್ಟೆಗೆ ಗಟ್ಟಿ ಚಿಪ್ಪಿಲ್ಲ. ಸುತ್ತ ತೇವ ಇಲ್ಲದಿದ್ದರೆ ಒಣಗಿ ಹೋಗುತ್ತದೆ. ಬೆಟ್ಟದ ನೆತ್ತಿಯಲ್ಲಿ ಈ ತೇವವನ್ನು ಕೊಡೋದು ಮಳೆ ಮತ್ತು ಮೋಡ.

ಮೋಡ ಎಷ್ಟು ಎತ್ತರದಲ್ಲಿ ಹುಟ್ಟುತ್ತೆ? ಇದು ನಮ್ಮ ಥರ್ಮೋಡೈನಮಿಕ್ಸೇ. ಗಾಳಿ ಮೇಲೇರಿದಾಗ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ, ಹಿಗ್ಗಿ ತಣ್ಣಗಾಗುತ್ತದೆ. ಅದರಲ್ಲಿರುವ ನೀರಾವಿ ಹನಿಯಾಗಲು ಶುರುವಾಗುವ ಉಷ್ಣಾಂಶವೇ ಇಬ್ಬನಿ ಬಿಂದು. ಸರಳ ಲೆಕ್ಕ ಹೀಗಿದೆ:

ಮೋಡದ ತಳದ ಎತ್ತರ (ಮೀಟರ್) ≈ 125 × (ಗಾಳಿಯ ಉಷ್ಣಾಂಶ − ಇಬ್ಬನಿ ಬಿಂದು)

ಕೆಳಗೆ ಗಾಳಿ 24 ಡಿಗ್ರಿ, ಇಬ್ಬನಿ ಬಿಂದು 16 ಡಿಗ್ರಿ ಇದ್ದರೆ, ಮೋಡ ಅಲ್ಲಿಂದ 1000 ಮೀಟರ್ ಮೇಲೆ. ತೇವಾಂಶ ಅಷ್ಟೇ ಇದ್ದು ಗಾಳಿ ಒಂದೇ ಒಂದು ಡಿಗ್ರಿ ಬಿಸಿಯಾದರೆ? 1125 ಮೀಟರ್. ನಿಜವಾದ ಬೆಟ್ಟದಲ್ಲಿ ಗಾಳಿಯ ದಿಕ್ಕು, ಕಾಡು, ಸಮುದ್ರ ಎಲ್ಲವೂ ಸೇರಿ ಲೆಕ್ಕ ಇಷ್ಟು ಸುಲಭ ಇರಲ್ಲ. ಆದರೂ ಒಂದು ಡಿಗ್ರಿಯ ಬೆಲೆ ಎಷ್ಟು ಅಂತ ಅಂದಾಜು ಸಿಗುತ್ತೆ.

ಬೆಟ್ಟದ ನಡುವೆ ಇರೋ ಜೀವಿ ಬಿಸಿ ಜಾಸ್ತಿಯಾದರೆ ಮೆಲ್ಲಗೆ ಮೇಲಕ್ಕೆ ಹೋಗಬಹುದು. ನೆತ್ತಿಯಲ್ಲೇ ಇರೋದು ಎಲ್ಲಿಗೆ ಹೋಗಬೇಕು? ಪಕ್ಕದ ಶಿಖರಕ್ಕೆ ಹೋಗೋಣವೆಂದರೆ ನಡುವೆ ಬಿಸಿ ಕಣಿವೆ. ಒಂದಿಂಚಿನ ಕಪ್ಪೆಗೆ ಅದೇ ಒಂದು ಸಮುದ್ರ. ‘ತೀವ್ರ ಅಪಾಯದಲ್ಲಿದೆ’ ಎಂಬ ಪಟ್ಟಿಗೆ ಇದು ಸೇರಿರುವುದರಲ್ಲಿ ಆಶ್ಚರ್ಯವಿಲ್ಲ.

ಕ್ಲಾಸಿನಲ್ಲಿ ‘ಒಂದು ಡಿಗ್ರಿ ತಾನೇ, ನೆಗ್ಲೆಕ್ಟ್ ಮಾಡೋಣ’ ಅಂತೀವಲ್ಲ, ಇನ್ಮೇಲೆ ಹಾಗೆ ಬರೆಯುವಾಗ ನನಗಂತೂ ಈ ಕೆಂಪು ಕಪ್ಪೆ ನೆನಪಾಗುತ್ತೆ.