ಬೇವಿನ ಕಹಿ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡವು ತೊಗರಿ ಬೆಳೆಯುವ ಸೀಮೆಯ ಊರು. ಬೇಸಿಗೆಯಲ್ಲಿ ಬಿಸಿಲು ಸುಡುವ ಈ ಭಾಗದ ಜನಕ್ಕೆ ಬೇವು ನೆರಳೂ ಹೌದು, ಮದ್ದೂ ಹೌದು. ಅದರ ಕಡ್ಡಿಯಿಂದ ಹಲ್ಲುಜ್ಜುವುದು, ಎಲೆಯನ್ನು ಅರಿಸಿನದೊಡನೆ ಅರೆದು ತುರಿಗಜ್ಜಿಗೆ ಲೇಪಿಸುವುದು, ಒಣಗಿದ ಎಲೆಯನ್ನು ಕಾಳಿನ ನಡುವೆ ಹರಡಿ ಹುಳು ಬೀಳದಂತೆ ಕಾಯುವುದು ಕನ್ನಡನಾಡಿನ ಹಳ್ಳಿಗಳಲ್ಲಿ ತಲೆತಲಾಂತರದಿಂದ ನಡೆದುಬಂದ ರೂಢಿ. ಈ ಗುಣಕ್ಕೆ ಕಾರಣವೇನು?

ಕಾರಣವು ಬೇವಿನ ಕಹಿಯಲ್ಲಿಯೇ ಅಡಗಿದೆ. 1942ರಲ್ಲಿ ರಸಾಯನಶಾಸ್ತ್ರಜ್ಞ ಸಲೀಮುಜ್ಜಮಾನ್ ಸಿದ್ದಿಕಿ ಅವರು ಬೇವಿನೆಣ್ಣೆಯಿಂದ ನಿಂಬಿನ್, ನಿಂಬಿನಿನ್, ನಿಂಬಿಡಿನ್ ಎಂಬ ಮೂರು ಕಹಿ ವಸ್ತುಗಳನ್ನು ಬೇರ್ಪಡಿಸಿದರು. 1959ರಲ್ಲಿ ಸೂಡಾನ್ ದೇಶದಲ್ಲಿ ಮಿಡತೆಗಳ ದಂಡು ಇಳಿದು ಹಸಿರನ್ನೆಲ್ಲ ತಿಂದುಹಾಕಿದಾಗ ಬೇವಿನ ಮರಗಳು ಮಾತ್ರ ಉಳಿದುದನ್ನು ಜರ್ಮನಿಯ ಕೀಟತಜ್ಞ ಶ್ಮುಟರರ್ ಕಂಡರು. ಮಿಡತೆಗೆ ಆಹಾರವನ್ನು ಬೇಡವೆನಿಸುವ ವಸ್ತುವನ್ನು 1968ರಲ್ಲಿ ಇಂಗ್ಲೆಂಡಿನ ಬಟರ್‌ವರ್ತ್ ಮತ್ತು ಮಾರ್ಗನ್ ಬೀಜದಿಂದ ಪ್ರತ್ಯೇಕಿಸಿದರು. ಅದೇ ಅಜಾಡಿರಾಕ್ಟಿನ್. ಅದರ ಅಣುವಿನಲ್ಲಿ 35 ಇಂಗಾಲ, 44 ಜಲಜನಕ ಮತ್ತು 16 ಆಮ್ಲಜನಕದ ಪರಮಾಣುಗಳಿವೆ. ರಚನೆಯು ಎಷ್ಟು ಜಟಿಲವೆಂದರೆ, ಅದನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಲು ಕೇಂಬ್ರಿಜ್‌ನ ವಿಜ್ಞಾನಿಗಳಿಗೆ 22 ವರ್ಷ ಹಿಡಿಯಿತು. 2007ರಲ್ಲಿ ಅವರು ಯಶಸ್ವಿಯಾದರು. ಮರಕ್ಕಾದರೋ ಇದು ವರ್ಷವರ್ಷದ ಕೆಲಸ!

ಈ ವಸ್ತು ಹುಳುವನ್ನು ಒಡನೆಯೇ ಕೊಲ್ಲುವುದಿಲ್ಲ. ಪೊರೆ ಕಳಚಿ ಬೆಳೆಯಲು ಬೇಕಾದ ಹಾರ್ಮೋನಿನ ಕಾರ್ಯವನ್ನು ಕೆಡಿಸುತ್ತದೆ. ಹುಳು ಮೇವು ಬಿಟ್ಟು ಸೊರಗುತ್ತದೆ. ತೊಗರಿಯ ಕಾಯಿಕೊರಕ ಹುಳುವಿಗೆ ರೈತರು ಸಿಂಪಡಿಸುವ ಕಷಾಯದ ಮರ್ಮವಿದು. 5 ಕಿಲೋ ಬೀಜದ ತಿರುಳನ್ನು ಪುಡಿಮಾಡಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಸೋಸಿ, 100 ಲೀಟರ್ ಆಗುವಷ್ಟು ನೀರು ಬೆರೆಸುತ್ತಾರೆ. ಬಿಸಿಲಿಗೆ ಅಜಾಡಿರಾಕ್ಟಿನ್ ಬೇಗ ಕೆಡುವುದರಿಂದ ಸಂಜೆಯ ಸಿಂಪಡಣೆಯೇ ಮೇಲು.

ಗಿಡಮದ್ದು ಎಂದೊಡನೆ ನಿರಪಾಯಕರವೆಂದು ಬಗೆಯುವವರುಂಟು. ಆದರೆ ಬೇವಿನೆಣ್ಣೆ ಕುಡಿಸಿದ ಹಸುಗೂಸುಗಳಲ್ಲಿ ವಾಂತಿ, ಸೆಳವು ಕಾಣಿಸಿಕೊಂಡು ಜೀವಕ್ಕೇ ಎರವಾದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಮೈಗೆ ಹಚ್ಚುವ ಮದ್ದೆಲ್ಲ ಹೊಟ್ಟೆಗೆ ಸಲ್ಲುವುದಿಲ್ಲ.

ಹಳ್ಳಿಗರ ಈ ಅರಿವಿಗೆ ಒಮ್ಮೆ ಹೊರಗಿನವರು ಒಡೆತನ ಹೂಡಿದ್ದರು. ಬೇವಿನೆಣ್ಣೆಯಿಂದ ಬೂಷ್ಟುರೋಗ ತಡೆಯುವ ವಿಧಾನಕ್ಕೆ ಅಮೆರಿಕದ ಕೃಷಿ ಇಲಾಖೆ ಮತ್ತು ಗ್ರೇಸ್ ಎಂಬ ಕಂಪನಿಗೆ 1994ರಲ್ಲಿ ಯೂರೋಪಿನ ಪೇಟೆಂಟ್ ದೊರೆಯಿತು. ಭಾರತದ ವಂದನಾ ಶಿವಾ ಮೊದಲಾದವರು ಅದನ್ನು ವಿರೋಧಿಸಿದರು. ಈ ಬಳಕೆ ಭಾರತದಲ್ಲಿ ಮೊದಲೇ ಇದ್ದಿತೆಂಬುದಕ್ಕೆ ಸಾಕ್ಷ್ಯ ಒದಗಿ, 2000ದಲ್ಲಿ ಪೇಟೆಂಟ್ ರದ್ದಾಯಿತು. ಅದರ ಮೇಲಿನ ಮೇಲ್ಮನವಿಯೂ 2005ರ ಮಾರ್ಚ್ ತಿಂಗಳಲ್ಲಿ ವಜಾ ಆಯಿತು.