ಬೆಂಗಳೂರಲ್ಲಿ ದೊಡ್ಡ ಫ್ಲ್ಯಾಟ್ ಬಾಡಿಗೆಗೆ ಹಿಡಿಯುವ ಮುನ್ನ

ಮಧುವನಹಳ್ಳಿ, ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಿಂದ ಓದಿ ಬೆಂಗಳೂರು ಸೇರಿದವರು ಮೊದಮೊದಲು ಪಿ.ಜಿ.ಯಲ್ಲೋ ವಠಾರದ ಚಿಕ್ಕ ಮನೆಯಲ್ಲೋ ಇರುತ್ತಾರೆ. ಸಂಬಳ ಏರಿ, ಮದುವೆಯಾಗಿ, ಗಂಡ ಹೆಂಡತಿ ಇಬ್ಬರೂ ದುಡಿಯುವಂತಾದ ಮೇಲೆ ಇಂದಿರಾನಗರದಂಥ ಕಡೆ ಒಳ್ಳೆಯ ಅಪಾರ್ಟ್‌ಮೆಂಟ್ ಹುಡುಕಲು ಹೊರಡುತ್ತಾರೆ. 2011ರಲ್ಲಿ ನಗರದ ಮೊದಲ ಮೆಟ್ರೊ ಓಡಿದ್ದೇ ಆ ಬಡಾವಣೆಯ ಮೇಲೆ. ಅಲ್ಲಿನ ಬಾಡಿಗೆ ಯಾವತ್ತೂ ಜೋರು. ಅಡ್ವಾನ್ಸ್ ಕಟ್ಟಲು ಊರಲ್ಲಿ ಅಪ್ಪ ಅಮ್ಮ ರೇಷ್ಮೆ ಗೂಡು ಮಾರಿ ಕೂಡಿಟ್ಟ ದುಡ್ಡೂ ಕೆಲವೊಮ್ಮೆ ಹೋಗುತ್ತದೆ. ಹಾಗಾಗಿ ಈ ವ್ಯವಹಾರ ಗೊತ್ತಿಲ್ಲದವರಿಗೆ ನಿಧಾನವಾಗಿ ಹೇಳುತ್ತೇನೆ.

ಜಾಹೀರಾತಿನಿಂದಲೇ ಶುರು ಮಾಡೋಣ. ‘3 ಬಿಎಚ್‌ಕೆ, 1,800 ಚದರಡಿ, ಸೆಮಿ ಫರ್ನಿಶ್ಡ್’ ಎಂದಿರುತ್ತದೆ. ಮೂರು ಮಲಗುವ ಕೋಣೆ, ಒಂದು ಹಾಲ್, ಒಂದು ಅಡುಗೆಮನೆ; ಇಷ್ಟು ಸರಿ. 1,800 ಚದರಡಿ ಎಂದರೆ ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ 18 ಚದರ. ಅಷ್ಟೂ ನಿಮ್ಮ ಮನೆಯೊಳಗೆ ಇರುವುದಿಲ್ಲ. ಅದು ಸೂಪರ್ ಬಿಲ್ಟ್‌ಅಪ್ ಅಳತೆ. ಮೆಟ್ಟಿಲು, ಲಿಫ್ಟ್, ಓಣಿ, ಕ್ಲಬ್‌ಹೌಸುಗಳ ಪಾಲೂ ಅದರಲ್ಲಿ ಸೇರಿರುತ್ತದೆ. ನೀವು ಓಡಾಡುವ ಜಾಗ ಕಾರ್ಪೆಟ್ ಏರಿಯಾ, 2016ರ ರಿಯಲ್ ಎಸ್ಟೇಟ್ ಕಾಯ್ದೆ (ರೇರಾ) ವ್ಯಾಖ್ಯಾನಿಸಿರುವುದು ಅದನ್ನು. 18 ಚದರದ ಫ್ಲ್ಯಾಟಿನಲ್ಲಿ ಅದು 13 ಚದರವಷ್ಟೇ ಇರಬಹುದು. ಸೆಮಿ ಫರ್ನಿಶ್ಡ್ ಎಂದರೆ ವಾರ್ಡ್‌ರೋಬ್, ಫ್ಯಾನು, ಲೈಟು, ಗೀಸರ್ ಸಿಗುತ್ತವೆ. ಮಂಚ, ಫ್ರಿಜ್ ನಿಮ್ಮವೇ.

ಈಗ ದುಡ್ಡಿನ ವಿಷಯ. ಉದಾಹರಣೆಗೆ ಬಾಡಿಗೆ ತಿಂಗಳಿಗೆ 80,000 ರೂಪಾಯಿ ಅನ್ನಿ. ಮೇಂಟೆನೆನ್ಸ್ ಅದರೊಳಗೇ ಸೇರಿದೆಯೋ ಬೇರೆಯೋ ಕೇಳಿ. ಬೇರೆಯಾದರೆ ತಿಂಗಳ ಖರ್ಚು ಒಂದೇ ಏಟಿಗೆ ಮೇಲೇರುತ್ತದೆ. ಬ್ರೋಕರ್ ಮೂಲಕ ಹೋದರೆ ಅವರಿಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ. ಹಳೆಯ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ ಅದೇ 8 ಲಕ್ಷ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡ ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನದಾಗಿ ಮಾಡಿಕೊಂಡರಷ್ಟೇ ಜಾರಿ. ಅಲ್ಲಿಯವರೆಗೆ ಮಾತಾಡಿ ಇಳಿಸಿಕೊಳ್ಳುವುದೇ ದಾರಿ. ಚೌಕಾಸಿ ಮಾಡಲು ನಾಚಿಕೆ ಬೇಡ. ಎಂಟು ಲಕ್ಷ ಬಡ್ಡಿಯಿಲ್ಲದೆ ಇನ್ನೊಬ್ಬರ ಕೈಯಲ್ಲಿ ಕೂರುವುದು ಸಣ್ಣ ಮಾತಲ್ಲ. ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿದಿಲ್ಲ: ಬಾಡಿಗೆ ತಿಂಗಳಿಗೆ 50,000 ದಾಟಿದರೆ ಅದರಲ್ಲಿ ಮೂಲದಲ್ಲೇ ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರರದ್ದೇ. 2024ರ ಅಕ್ಟೋಬರ್‌ನಿಂದ ಅದು ಶೇ 5ರಿಂದ ಶೇ 2ಕ್ಕೆ ಇಳಿದಿದೆ. ಮಾಲೀಕರು ವಿದೇಶದಲ್ಲಿ ನೆಲೆಸಿದವರಾದರೆ ನಿಯಮವೇ ಬೇರೆ. ಆಗ ಆಡಿಟರ್‌ ಒಬ್ಬರನ್ನು ಕೇಳಿಯೇ ಮುಂದುವರಿಯಿರಿ.

ಬಾಡಿಗೆಗಿಂತ ಮೊದಲು ಕೇಳಬೇಕಾದದ್ದು ನೀರನ್ನು. ಇದನ್ನು ನಮ್ಮ ಕಡೆಯವರಿಗೆ ಒತ್ತಿ ಹೇಳಬೇಕು. ಬೆಂಗಳೂರಿನ ಕಾವೇರಿ ನೀರು ಹೊರಡುವುದು ನಮ್ಮ ಪಕ್ಕದ ಶಿವನಸಮುದ್ರದ ಹತ್ತಿರದಿಂದ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಾಗಿ, ಸುಮಾರು ನೂರು ಕಿಲೋಮೀಟರ್ ದಾರಿ ಸಾಗಿ ನಗರ ಮುಟ್ಟುತ್ತದೆ. ಈ ಕಾವೇರಿ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಾಗಿದ್ದೂ ಎಷ್ಟೋ ದೊಡ್ಡ ಅಪಾರ್ಟ್‌ಮೆಂಟುಗಳು ಬೋರ್‌ವೆಲ್ಲು, ಟ್ಯಾಂಕರನ್ನೇ ನಂಬಿವೆ. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ಲುಗಳು ಬತ್ತಿ, ಈಜುಕೊಳವಿರುವ ಕಟ್ಟಡದವರೂ ಟ್ಯಾಂಕರಿಗೆ ಕಾದರು. ಮನೆ ನೋಡಲು ಹೋದಾಗ ಸೆಕ್ಯುರಿಟಿಯವರ ಹತ್ತಿರ ಎರಡು ನಿಮಿಷ ನಿಂತು, ‘ಅಣ್ಣಾ, ಕಾವೇರಿ ಬರುತ್ತಾ? ದಿನಕ್ಕೆ ಎಷ್ಟು ಟ್ಯಾಂಕರ್ ಹಾಕಿಸ್ತೀರಿ?’ ಅಂತ ಕೇಳಿ. ಬ್ರೋಕರ್ ಹೇಳದ್ದು ಅಲ್ಲಿ ಗೊತ್ತಾಗುತ್ತದೆ. ಬಚ್ಚಲಮನೆಯ ನಲ್ಲಿ ತಿರುಗಿಸಿ ನೋಡಿ. ನಲ್ಲಿಯ ಮೂತಿಯಲ್ಲಿ, ಗಾಜಿನ ಬಾಗಿಲಲ್ಲಿ ಸುಣ್ಣದಂಥ ಬಿಳಿ ಪೊರೆ ಕಟ್ಟಿದ್ದರೆ ಅದು ಗಡಸು ನೀರು.

ಕೊನೆಗೆ ಕರಾರುಪತ್ರ. ಬಹುಪಾಲು 11 ತಿಂಗಳಿಗೇ ಬರೆಸುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕಾದ್ದರಿಂದ ಈ ಏರ್ಪಾಡು. ಖಾಲಿ ಮಾಡಲು ಎಷ್ಟು ತಿಂಗಳ ನೋಟಿಸ್, ಮುಂದಿನ ಸಲ ಬಾಡಿಗೆ ಶೇಕಡ ಎಷ್ಟು ಏರುತ್ತದೆ, ಪೇಂಟಿಂಗ್‌ಗೆ ಎಷ್ಟು ಮುರಿದುಕೊಳ್ಳುತ್ತಾರೆ, ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್ಸು ಎಂಬ ನಾಲ್ಕೂ ಬರವಣಿಗೆಯಲ್ಲಿ ಇರಬೇಕು. ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಬೆಂಗಳೂರಲ್ಲಿ ಬೇರೂರಿದೆ. ಆರು ತಿಂಗಳಿಗೇ ಬಿಡುವವರಿಗೂ ಅದನ್ನು ಹೇರುವುದು ನನ್ನ ಮಟ್ಟಿಗೆ ಅನ್ಯಾಯ. ಕರಾರಿನಲ್ಲಿರುವ ಹೆಸರು, ಕರೆಂಟು ಬಿಲ್ಲಿನ ಹೆಸರು, ತೆರಿಗೆ ರಸೀದಿಯ ಹೆಸರು ತಾಳೆ ನೋಡಿ. ಅಡ್ವಾನ್ಸನ್ನು ಮಾಲೀಕರ ಬ್ಯಾಂಕ್ ಖಾತೆಗೇ ಹಾಕಿ, ನಗದು ಕೊಡಬೇಡಿ. ಕರಾರುಪತ್ರದ ಒಂದು ಪ್ರತಿಯನ್ನು ಸಹಿಯಾದ ದಿನವೇ ಊರಿನ ಮನೆಗೆ ಕಳಿಸಿಡಿ.